ಅಂಗಡಿಯ ಆಕ್ಟೋಪಸ್‌ಗೆ ವಯಸ್ಸೆಷ್ಟು?

ಮನೆಯ ತೊಟ್ಟಿಯಲ್ಲಿ ಸಾಕಲು ಆಕ್ಟೋಪಸ್ ಮಾರುವವರು ಅದರ ಗಾತ್ರ ಹೇಳುತ್ತಾರೆ, ಬೆಲೆ ಹೇಳುತ್ತಾರೆ, ಏಡಿಯನ್ನು ಗಬಕ್ಕನೆ ಹಿಡಿದ ವಿಡಿಯೊ ತೋರಿಸುತ್ತಾರೆ. ವಯಸ್ಸು ಮಾತ್ರ ಹೇಳುವುದಿಲ್ಲ. ಬಚ್ಚಿಡುತ್ತಾರೆ ಎಂದಲ್ಲ, ಸಮುದ್ರದಲ್ಲಿ ಹಿಡಿದ ಪ್ರಾಣಿಯ ವಯಸ್ಸು ಅವರಿಗೂ ಗೊತ್ತಿರುವುದಿಲ್ಲ. ನೀರಿನ ಉಷ್ಣತೆ ಮತ್ತು ಸಿಕ್ಕ ಆಹಾರಕ್ಕೆ ತಕ್ಕಂತೆ ಬೆಳವಣಿಗೆ ಏರುಪೇರಾಗುವುದರಿಂದ ಗಾತ್ರ ನೋಡಿ ತಿಂಗಳು ಹೇಳಲಾಗದು. ಕೊಕ್ಕಿನಲ್ಲಿ ಬೆಳವಣಿಗೆಯ ಗೆರೆಗಳಿರುತ್ತವೆ, ಎಣಿಸಬಹುದು. ಅದಕ್ಕೆ ಪ್ರಾಣಿ ಸತ್ತಿರಬೇಕು, ಅಷ್ಟೇ.

ವಯಸ್ಸು ಯಾಕೆ ಮುಖ್ಯ? ಬಹುತೇಕ ಆಕ್ಟೋಪಸ್‌ಗಳು ಬದುಕಿನಲ್ಲಿ ಒಂದೇ ಸಲ ಮರಿ ಮಾಡುತ್ತವೆ. ಉಷ್ಣವಲಯದ ಚಿಕ್ಕ, ಮಧ್ಯಮ ಗಾತ್ರದ ಜಾತಿಗಳ ಆಯಸ್ಸು ಹೆಚ್ಚುಕಡಿಮೆ ಒಂದು ವರ್ಷ. ಹೆಣ್ಣು ಮೊಟ್ಟೆಯಿಟ್ಟು ಊಟ ಬಿಡುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಗಂಡು ಕೂಡಿಕೆಯ ಕಾಲ ಮುಗಿದ ಮೇಲೆ ಕುಸಿಯುತ್ತದೆ. ಇದನ್ನು ನಡೆಸುವುದು ಕಣ್ಣುಗಳ ನಡುವಿನ ಆಪ್ಟಿಕ್ ಗ್ರಂಥಿ. ಜೆರೋಮ್ ವೊಡಿನ್ಸ್ಕಿ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾವು ಕೂತ ಹೆಣ್ಣಿನಿಂದ ಆ ಗ್ರಂಥಿ ತೆಗೆದಾಗ ಅದು ಮೊಟ್ಟೆಗಳನ್ನು ಬಿಟ್ಟು ಮತ್ತೆ ತಿನ್ನತೊಡಗಿತು, ಹೆಚ್ಚು ಕಾಲ ಬದುಕಿತು.

ಇದರಿಂದ ಒಂದು ಸರಳ ಲೆಕ್ಕ ಹುಟ್ಟುತ್ತದೆ. ವರ್ಷವರ್ಷ ಮೊಟ್ಟೆಯಿಡುವ ಮೀನನ್ನು ಹಿಡಿದರೆ ಅದು ಆಗಲೇ ಒಂದಿಷ್ಟು ಸಂತಾನ ಬಿಟ್ಟು ಬಂದಿರಬಹುದು. ಅಂಗಡಿಯಲ್ಲಿ ಚೆನ್ನಾಗಿ ಉಣ್ಣುತ್ತಿರುವ ಹೆಣ್ಣು ಆಕ್ಟೋಪಸ್ ಒಂದೂ ಮರಿ ಮಾಡಿಲ್ಲ. ಮಾಡಿದ್ದರೆ ಅಲ್ಲಿ ಇರುತ್ತಲೇ ಇರಲಿಲ್ಲ. ಅದರ ಜೊತೆಗೆ ಅದರ ಸಂತಾನವೂ ಸಮುದ್ರದಿಂದ ಪೂರ್ತಿ ಹೋಯಿತು. ಸಾಮಾನ್ಯ ಜಾತಿಯಾದರೆ ಸಮುದ್ರ ತಾಳಿಕೊಂಡೀತು. ಅಪರೂಪದ ಜಾತಿಯಲ್ಲಿ ನನ್ನ ತಕರಾರು ಇಲ್ಲೇ ಶುರುವಾಗುತ್ತದೆ.

ಹವ್ಯಾಸಿಗಳು ಹೆಚ್ಚು ಆಸೆಪಡುವುದು ಎರಡು ಆಕ್ಟೋಪಸ್ ಜಾತಿಗಳಿಗೆ, ಮಿಮಿಕ್ ಮತ್ತು ವುಂಡರ್‌ಪಸ್. ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಸುತ್ತಿನ ಮರಳು, ಕೆಸರಿನ ತಳದಲ್ಲಿ ಬಿಲ ಮಾಡಿಕೊಂಡಿರುವ ಇವುಗಳಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2005 ಮತ್ತು 2006ರಲ್ಲಿ. ವುಂಡರ್‌ಪಸ್‌ನ ಬಿಳಿ ಗುರುತುಗಳು ಒಂದೊಂದರಲ್ಲೂ ಬೇರೆ. ಫೋಟೊ ನೋಡಿ ಇದೇ ಪ್ರಾಣಿ ಎಂದು ಗುರುತಿಸಬಹುದೆಂದು 2008ರ ಅಧ್ಯಯನವೊಂದು ತೋರಿಸಿತು. ವ್ಯಾಪಾರದ ಲೆಕ್ಕ ಮಾತ್ರ ಕಷ್ಟ. ನಾಟಿಲಸ್‌ಗೆ ಇರುವ ಸೈಟಿಸ್ (ಅಳಿವಿನ ಅಪಾಯದ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ) ಪರವಾನಗಿ ವ್ಯವಸ್ಥೆ ಆಕ್ಟೋಪಸ್‌ಗಳಿಗಿಲ್ಲ. ನೀಲಿ ಉಂಗುರದ ಆಕ್ಟೋಪಸ್ ಬಗ್ಗೆ ಹೆಚ್ಚು ಮಾತು ಬೇಡ. ಅದರ ಟೆಟ್ರೊಡೊಟಾಕ್ಸಿನ್ ಎಂಬ ವಿಷಕ್ಕೆ ಪ್ರತಿವಿಷವಿಲ್ಲ, ಮನೆಗೆ ತರಬಾರದು.

ಸಾಗಣೆಯಲ್ಲಿ ಸಾಯಿಸುವುದು ಹೆಚ್ಚಾಗಿ ಚೀಲದ ನೀರು. ಆಕ್ಟೋಪಸ್ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹಿಮೊಸಯನಿನ್. ನೀರು ಸ್ವಲ್ಪ ಆಮ್ಲೀಯವಾದರೂ ಅದರ ಹಿಡಿತ ಸಡಿಲವಾಗುತ್ತದೆ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅಮೋನಿಯಾ ಸೇರುತ್ತದೆ, ಹೆದರಿ ಶಾಯಿ ಬಿಟ್ಟರೆ ಅದು ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಬದುಕಿ ಬಂದದ್ದೂ ಕೆಲವೊಮ್ಮೆ ತನ್ನ ತೋಳಿನ ತುದಿಯನ್ನೇ ಕಡಿಯತೊಡಗುತ್ತದೆ. ಆ ಹಂತ ಮುಟ್ಟಿದ್ದು ಚೇತರಿಸಿಕೊಳ್ಳುವುದು ವಿರಳ.

ಇನ್ನು ತೊಟ್ಟಿ. ಮಧ್ಯಮ ಗಾತ್ರದ ಜಾತಿಗೆ ಕನಿಷ್ಠ 200 ಲೀಟರ್, ಮೂರು ತಿಂಗಳು ಮೊದಲೇ ಓಡಿಸಿ ಹದಕ್ಕೆ ಬಂದದ್ದು. ಅಮೋನಿಯಾ, ನೈಟ್ರೈಟ್ ಸೊನ್ನೆ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ತೊಟ್ಟಿಯ ಅಳತೆಗೆ ಎರಡು ಪಟ್ಟಿನ ಪ್ರೋಟೀನ್ ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಯಂತ್ರ). ಬೋರ್‌ವೆಲ್ ನೀರನ್ನು ಆರ್‌ಒ ಮತ್ತು ಡಿಐ (ಉಳಿದ ಅಯಾನು ತೆಗೆಯುವ ಶೋಧಕ) ಎರಡರಲ್ಲೂ ಹಾಯಿಸಿಯೇ ಉಪ್ಪು ಕಲಸಬೇಕು. ಪಂಪಿನ ಬಾಯಿಗೆ ಸ್ಪಂಜು, ಮುಚ್ಚಳಕ್ಕೆ ಕೊಂಡಿ, ಪೈಪು ಹೋಗುವ ಸಂದಿಗೂ ಸ್ಪಂಜು ಬೇಕು. ದೇಹದಲ್ಲಿ ಗಟ್ಟಿಯೆನ್ನುವುದು ಕೊಕ್ಕು ಮಾತ್ರ, ಅದು ತೂರಿದ ಕಡೆ ಇಡೀ ಪ್ರಾಣಿ ತೂರುತ್ತದೆ. ಹೆಚ್ಚಿನವರು ಎಡವುವುದು ಹಳೆಯ ತೊಟ್ಟಿಯಲ್ಲಿ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕಿದ ತಾಮ್ರದ ಔಷಧಿ ಕಲ್ಲು, ಮರಳಿಗೆ ಅಂಟಿ ತಿಂಗಳುಗಟ್ಟಲೆ ಸೋರುತ್ತದೆ. ಸಾಮಾನ್ಯ ಟೆಸ್ಟ್ ಕಿಟ್ ಸೊನ್ನೆ ತೋರಿಸಿದರೂ ಆಕ್ಟೋಪಸ್ ಸಾಯಲು ಆ ಶೇಷ ಸಾಕು. ಸೆಕೆಂಡ್ ಹ್ಯಾಂಡ್ ಕಲ್ಲು, ಮರಳು ಬೇಡವೇ ಬೇಡ.

ಇಷ್ಟನ್ನೂ ಸರಿಯಾಗಿ ಮಾಡಿದವರ ವುಂಡರ್‌ಪಸ್ ಕೂಡ ಆರು ವಾರದಲ್ಲಿ ಸತ್ತರೆ ಅದು ಅವರ ತಪ್ಪಲ್ಲದಿರಬಹುದು, ಪ್ರಾಣಿ ಮುದಿಯಾಗಿಯೇ ಬಂದಿರಬಹುದು. ವಾಸಿಯಾಗದ ಬಿಳಿ ಹುಣ್ಣು, ಊಟದಲ್ಲಿ ನಿರಾಸಕ್ತಿ, ಬಿಲ ಬಿಟ್ಟು ಹಗಲುರಾತ್ರಿ ಗುರಿಯಿಲ್ಲದ ಅಲೆದಾಟ, ತೋಳುಗಳ ಹಿಡಿತ ತಪ್ಪುವುದು ಇದರ ಲಕ್ಷಣ. ಔಷಧಿಯಿಲ್ಲ. ಬೆಳಕು ತಗ್ಗಿಸಿ, ತಿಂದರೆ ಸಿಗಡಿ ಚೂರು ಕೊಡಿ, ನರಳಾಟ ಹೆಚ್ಚಾದರೆ ಜಲಚರ ಬಲ್ಲ ಪಶುವೈದ್ಯರಿಂದ ಮೆಗ್ನೀಸಿಯಂ ಕ್ಲೋರೈಡ್ ಅರಿವಳಿಕೆ ಕೇಳಿ. ಮಂಗಳೂರಿನ ಕಡಲಿಗೆ ಬಿಡುವುದು ದಯೆಯಲ್ಲ. ಇಂಡೊನೇಷ್ಯಾದ ಪ್ರಾಣಿ, ಅದರ ಪರಾವಲಂಬಿಗಳು ಅರಬ್ಬೀ ಸಮುದ್ರಕ್ಕೆ ಸೇರಿದವಲ್ಲ.

ಸಾಕಲೇಬೇಕೆಂದರೆ ತೊಟ್ಟಿಯಲ್ಲೇ ಹುಟ್ಟಿದ, ಹುಟ್ಟಿದ ದಿನಾಂಕ ಬರೆದುಕೊಡುವ ಮರಿ ಕೇಳಿ. ಕ್ಯಾಲಿಫೋರ್ನಿಯಾದ ಎರಡು ಚುಕ್ಕೆಯ ಆಕ್ಟೋಪಸ್ ದೊಡ್ಡ ಮೊಟ್ಟೆಯಿಡುತ್ತದೆ, ಮರಿ ಹುಟ್ಟುತ್ತಲೇ ತಳಕ್ಕಿಳಿದು ಬೇಟೆಯಾಡುತ್ತದೆ, ಹಾಗಾಗಿ ಬೆಳೆಸಲಾಗುತ್ತದೆ. ಅದಕ್ಕೆ ತಂಪು ನೀರು ಬೇಕು, ನಮ್ಮ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಆಗದು. ಮಧ್ಯ ಅಮೆರಿಕದ ಪುಟ್ಟ ಪಟ್ಟೆ ಆಕ್ಟೋಪಸ್ ಒಂದು ಅಪವಾದ. ಅದು ಪದೇಪದೇ ಮೊಟ್ಟೆಯಿಡುತ್ತದೆ, ಪ್ರಯೋಗಾಲಯದಲ್ಲಿ ಸತತ ಪೀಳಿಗೆಗಳನ್ನು ಬೆಳೆಸಿದ್ದಾರೆ. ವುಂಡರ್‌ಪಸ್ ಹಾಗಲ್ಲ. ಅದರ ಹೆಣ್ಣು ಮೊಟ್ಟೆಗಳನ್ನು ತೋಳುಗಳಲ್ಲೇ ಹೊತ್ತು ತಿರುಗುತ್ತದೆ. ಹೊರಬರುವ ಮರಿಗಳು ತೀರಾ ಸಣ್ಣವು, ತೆರೆದ ನೀರಿನಲ್ಲಿ ತೇಲುತ್ತಾ ಬೆಳೆಯಬೇಕಾದವು. ಮನೆಯ ತೊಟ್ಟಿಯಲ್ಲಿ ಮೊದಲ ರಾತ್ರಿಯೇ ಸ್ಕಿಮ್ಮರ್‌ಗೆ ಎಳೆದುಹೋಗುತ್ತವೆ.