ಊರಿಗೊಂದು ಖೋಲಿ: ಮುಂಬೈ ತುಂಬಿದ ಬಗೆ

ಉಡುಪಿ, ಕುಂದಾಪುರದ ಕಡೆ ಯಾವ ಹಳ್ಳಿಗೆ ಹೋದರೂ ಬೊಂಬಾಯಿಯಲ್ಲಿ ಮಾವನೋ ದೊಡ್ಡಪ್ಪನೋ ಇರುವ ಮನೆ ಒಂದಾದರೂ ಸಿಗುತ್ತದೆ. ರತ್ನಾಗಿರಿಯಲ್ಲಿ ವಿಚಾರಿಸಿದರೂ ಇದೇ ಕತೆ. ಉತ್ತರ ಪ್ರದೇಶದ ಜೌನ್‌ಪುರ, ಆಜಮ್‌ಗಢದಲ್ಲೂ ಇದೇ, ಗುಜರಾತಿನ ಕಛ್‌ನಲ್ಲೂ ಇದೇ.

2011ರ ಗಣತಿ ಪ್ರಕಾರ ಬೃಹನ್ಮುಂಬೈಯಲ್ಲಿ ಇದ್ದವರು 1.24 ಕೋಟಿ ಜನ. ಈ ಅಂಕಿ ಎಲ್ಲರೂ ಹೇಳುತ್ತಾರೆ. ಜತೆಗೆ "ಎಲ್ಲ ಜಾತಿ, ಎಲ್ಲ ಭಾಷೆಯವರೂ ಅಲ್ಲಿ ಕಲೆತಿದ್ದಾರೆ" ಅನ್ನುವ ಮಾತೂ ಬರುತ್ತದೆ. ಕಲೆತಿದ್ದಾರೆ ಅನ್ನುವುದು ಪೂರ್ತಿ ನಿಜ ಅಲ್ಲ. ಮುಂಬೈಗೆ ಜನ ಒಬ್ಬೊಬ್ಬರಾಗಿ ಬಂದದ್ದು ಕಡಿಮೆ. ಮೊದಲು ಒಬ್ಬ ಬಂದ, ಕೆಲಸ ಹಿಡಿದ, ತಮ್ಮನನ್ನು ಕರೆಸಿಕೊಂಡ. ತಮ್ಮ ಬಂದು ಪಕ್ಕದ ಮನೆಯವನನ್ನು ಕರೆಸಿದ. ಹೀಗೆ ಒಂದೊಂದು ಕಸುಬಿಗೆ ಒಂದೊಂದು ಸೀಮೆ ಅಂಟಿಕೊಂಡಿತು, ಆ ಕಸುಬು ಇದ್ದ ಕೇರಿಗೆ ಆ ಸೀಮೆಯ ಭಾಷೆ, ದೇವರು, ಅಡುಗೆ ಎಲ್ಲ ಬಂತು. ಮುಂಬೈಯ ಜನಸಂಖ್ಯೆಯ ಚರಿತ್ರೆ ಅಂದರೆ ಬಹುಮಟ್ಟಿಗೆ ಈ ಅಂಟಿನ ಚರಿತ್ರೆ.

ಶುರುವಾತು ಸಣ್ಣದು. ಏಳು ದ್ವೀಪ, ಕೋಲಿ ಬೆಸ್ತರ ಹಳ್ಳಿಗಳು, ತೆಂಗು, ಭತ್ತ. ಪೋರ್ಚುಗೀಸರು 1661ರಲ್ಲಿ ಇದನ್ನು ಇಂಗ್ಲೆಂಡಿನ ರಾಜನಿಗೆ ಮದುವೆಯ ಬಳುವಳಿಯಾಗಿ ಕೊಟ್ಟರು. ರಾಜನಿಗೆ ಇಷ್ಟು ದೂರದ ಜಾಗ ಇಟ್ಟುಕೊಂಡು ಏನು ಮಾಡುವುದು ಅನ್ನಿಸಿರಬೇಕು. 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಗೆ ಬೇಕಾಗಿದ್ದದ್ದು ವ್ಯಾಪಾರಿಗಳು. ಗವರ್ನರ್ ಜೆರಾಲ್ಡ್ ಆಂಜಿಯರ್ ಸೂರತ್ ಕಡೆಯ ಬನಿಯಾ, ಪಾರ್ಸಿ, ಅರ್ಮೇನಿಯನ್ ವರ್ತಕರನ್ನು ಕರೆದ, ಅವರವರ ಧರ್ಮಕ್ಕೆ ಅಡ್ಡಿ ಮಾಡುವುದಿಲ್ಲ ಅಂತ ಮಾತು ಕೊಟ್ಟ. ಹಡಗು ಕಟ್ಟುವ ಪಾರ್ಸಿಗಳು ಬಂದರು, ಬೋಹ್ರಾ, ಖೋಜಾ, ಮೆಮನ್ ಪಂಗಡಗಳ ಮುಸ್ಲಿಂ ವ್ಯಾಪಾರಿಗಳು ಬಂದರು. ಮುಂದೆ 19ನೇ ಶತಮಾನದಲ್ಲಿ ಬಾಗ್ದಾದಿನಿಂದ ಯಹೂದಿ ವರ್ತಕ ಡೇವಿಡ್ ಸಸೂನ್ ಬಂದು ನೆಲೆಯೂರಿದ. ಅಂದರೆ ಈ ಊರಲ್ಲಿ "ಹೊರಗಿನವರು" ಅನ್ನುವ ಪದಕ್ಕೆ ಮೊದಲಿನಿಂದಲೂ ಅಷ್ಟೇನೂ ಅರ್ಥ ಇರಲಿಲ್ಲ. ಕೋಲಿಗಳು ಬೇಕಾದರೆ ಅದನ್ನು ಹೇಳಬಹುದು. ಅವರನ್ನು ಯಾರೂ ಕೇಳಲಿಲ್ಲ.

ಹಳೆಯ ಗಣತಿಗಳನ್ನು ಜೋಡಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. 1864ರಲ್ಲಿ 8.16 ಲಕ್ಷ ಜನ. ಎಂಟೇ ವರ್ಷ ಬಿಟ್ಟು, 1872ರಲ್ಲಿ, 6.44 ಲಕ್ಷ! ನಡುವೆ ಆದದ್ದು ಇಷ್ಟು: ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು, ಮುಂಬೈ ಹತ್ತಿಗೆ ಬಂಗಾರದ ಬೆಲೆ ಬಂತು, ಜನ ನುಗ್ಗಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಷೇರುಪೇಟೆ ಮುಳುಗಿತು, ಬಂದವರು ಗಂಟು ಕಟ್ಟಿಕೊಂಡು ಊರಿಗೆ ಹೊರಟರು. 1896ರಲ್ಲಿ ಪ್ಲೇಗ್ ಬಂದಾಗ ಮತ್ತೆ ಅದೇ. 1891ರಲ್ಲಿ 8.22 ಲಕ್ಷ ಇದ್ದದ್ದು 1901ಕ್ಕೆ 7.76 ಲಕ್ಷಕ್ಕೆ ಇಳಿಯಿತು. ಜನ ಹೀಗೆ ಬರುತ್ತಾ ಹೋಗುತ್ತಾ ಇದ್ದರು ಅಂದರೆ ಅವರ ಒಂದು ಕಾಲು ಯಾವಾಗಲೂ ಊರಲ್ಲೇ ಇತ್ತು ಅಂತ ಅರ್ಥ. 1921ರ ಗಣತಿಯಲ್ಲೂ ಮುಂಬೈಯಲ್ಲಿ ಹುಟ್ಟಿದವರು ನೂರಕ್ಕೆ 16 ಜನ ಮಾತ್ರ. ಉಳಿದ 84 ಮಂದಿಗೆ ಬೇರೆ ಎಲ್ಲೋ ಒಂದು ಮನೆ ಇತ್ತು.

ಆ 84 ಮಂದಿಯನ್ನು ಎಳೆದು ತಂದದ್ದು ಮುಖ್ಯವಾಗಿ ಬಟ್ಟೆ ಗಿರಣಿಗಳು. 1854ರಲ್ಲಿ ಕಾವಸ್‌ಜಿ ದಾವರ್ ಎಂಬ ಪಾರ್ಸಿ ವರ್ತಕ ತಾರದೇವ್‌ನಲ್ಲಿ ಮೊದಲ ಗಿರಣಿಗೆ ಕೈ ಹಾಕಿದ. ಆಮೇಲೆ ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತ ಹೊಗೆಕೊಳವೆಗಳ ಕಾಡೇ ಎದ್ದಿತು. ಆ ಇಡೀ ಪ್ರದೇಶಕ್ಕೆ ಗಿರಣ್‌ಗಾಂವ್ ಅಂತಲೇ ಹೆಸರು. ಗಿರಣಿ ಮಾಲೀಕ ಕೂಲಿಯವರನ್ನು ತಾನೇ ಹುಡುಕುತ್ತಿರಲಿಲ್ಲ. ಆ ಕೆಲಸ ಮುಕದಮನದ್ದು, ಅಂದರೆ ಮೇಸ್ತ್ರಿಯದ್ದು. ಮುಕದಮ ತನ್ನ ಊರಿನವರನ್ನು, ತನ್ನ ಜಾತಿಯವರನ್ನು ತಂದು ತುಂಬಿಸುತ್ತಿದ್ದ. ಕೆಲಸ ಕೊಡುವವನೂ ಅವನೇ, ಸಾಲ ಕೊಡುವವನೂ ಅವನೇ, ಖೋಲಿ ಕೊಡಿಸುವವನೂ ಅವನೇ. ಚಾಳು ಅಂದರೆ ಸಾಲು ಖೋಲಿಗಳ ಕಟ್ಟಡ; ಅದರ ಹತ್ತಡಿ ಅಗಲ, ಹತ್ತಡಿ ಉದ್ದದ ಒಂದು ಖೋಲಿಯಲ್ಲಿ ಒಂದೇ ಹಳ್ಳಿಯ ಹತ್ತು-ಹದಿನೈದು ಗಂಡಸರು. ಹಗಲು ಪಾಳಿಯವರು ಎದ್ದು ಹೋದ ಮೇಲೆ ಅದೇ ಜಾಗದಲ್ಲಿ ರಾತ್ರಿ ಪಾಳಿಯವರು ಮಲಗುತ್ತಿದ್ದರು. ಊಟಕ್ಕೆ ಪಕ್ಕದಲ್ಲೇ ಯಾರೋ ಹೆಂಗಸು ನಡೆಸುವ ಖಾನಾವಳಿ, ಅದೂ ತಮ್ಮ ಕಡೆಯ ಅಡುಗೆ.

ಗಿರಣಿಯ ಒಳಗೂ ಇದೇ ವಿಂಗಡಣೆ. ನೇಯುವ ವಿಭಾಗದಲ್ಲಿ ಮರಾಠರು, ಉತ್ತರದಿಂದ ಬಂದ ಮುಸ್ಲಿಂ ಜುಲಾಹರು, ತೆಲುಗು ಪದ್ಮಶಾಲಿಗಳು. ದಲಿತರಿಗೆ ಅಲ್ಲಿ ಪ್ರವೇಶ ಇಲ್ಲ. ಯಾಕೆ? ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಕಂಡಿಕೆ ಹಾಕಿ, ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆದುಕೊಳ್ಳಬೇಕಿತ್ತು. ಒಬ್ಬರ ಬಾಯಿ ತಾಗಿದ ಲಾಳಿಯನ್ನು ಇನ್ನೊಬ್ಬರು ಬಾಯಿಗೆ ಇಡಬೇಕು. ಮೇಲ್ಜಾತಿಯ ನೇಕಾರರು ಒಪ್ಪಲಿಲ್ಲ. ಜಾಸ್ತಿ ಕೂಲಿ ಇದ್ದದ್ದು ಆ ವಿಭಾಗದಲ್ಲೇ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಎತ್ತಿದರು. ಅವರೂ ಪರೇಲಿನ ಚಾಳಿನಲ್ಲೇ ವರ್ಷಗಟ್ಟಲೆ ಇದ್ದವರು. ನಗರಕ್ಕೆ ಬಂದರೆ ಜಾತಿ ಬಿಟ್ಟುಹೋಗುತ್ತದೆ ಅಂತ ನಂಬುವವರು ಈ ಲಾಳಿಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಗೋವಾದವರದ್ದು ಇನ್ನೊಂದು ಬಗೆ. ಹಡಗಿನಲ್ಲಿ ಕೆಲಸ ಮಾಡುವ ಗೋವಾದ ಕ್ರಿಶ್ಚಿಯನ್ನರು ಧೋಬಿ ತಲಾವ್ ಸುತ್ತಮುತ್ತ ತಮ್ಮ ತಮ್ಮ ಹಳ್ಳಿಯ ಹೆಸರಲ್ಲಿ ಕೂಡ್ ಅಂತ ಮಾಡಿಕೊಂಡರು. ಕೂಡ್ ಅಂದರೆ ಒಂದು ದೊಡ್ಡ ಕೋಣೆ, ಗೋಡೆಗೆ ಒತ್ತಿ ಜೋಡಿಸಿದ ಟ್ರಂಕುಗಳು, ಒಂದು ಮೂಲೆಯಲ್ಲಿ ಊರಿನ ಸಂತನ ಪೀಠ, ಸಂಜೆ ಜಪಮಾಲೆಯ ಪ್ರಾರ್ಥನೆ. ಹಡಗು ಹತ್ತುವ ತನಕ, ಇಳಿದ ಮೇಲೆ ಊರಿಗೆ ಹೋಗುವ ತನಕ ಅಲ್ಲಿ ಇರಬಹುದು. ಕೆಲವು ಕೂಡ್‌ಗಳು ಈಗಲೂ ನಡೆಯುತ್ತಿವೆ.

ನಮ್ಮವರ ಕತೆಗೆ ಎರಡು ದಾರಿ ಇವೆ. ಒಂದು, ಧಾರವಾಡ, ಬೆಳಗಾವಿ, ವಿಜಾಪುರದ್ದು. ಇವು ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಉತ್ತರ ಕನ್ನಡವೂ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿತು. ಅಂದರೆ 1956ರ ನವೆಂಬರ್ 1ರ ತನಕ ಧಾರವಾಡದವನಿಗೆ ಮುಂಬೈ ಪರದೇಶ ಅಲ್ಲ, ತನ್ನದೇ ರಾಜಧಾನಿ. ಓದು, ಕೋರ್ಟು, ಸರ್ಕಾರಿ ನೌಕರಿ ಅಂತ ಹೋದವರು ಅಲ್ಲೇ ಉಳಿದರು. ಇನ್ನೊಂದು, ದಕ್ಷಿಣ ಕನ್ನಡದ್ದು. ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆದರೆ ಕಡಲು ಮುಂಬೈ ಕಡೆಗೇ ತೆರೆದಿತ್ತು. ಮೊಗವೀರರು 1902ರಲ್ಲೇ ಮುಂಬೈಯಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಮಾಹಿಮ್‌ನ ಕರ್ನಾಟಕ ಸಂಘ 1933ರದ್ದು.

ಹೋಟೆಲಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಏಳನೇ ಕ್ಲಾಸು ಮುಗಿಸಿದ ಹುಡುಗ ಸಂಬಂಧಿಕರ ಹಿಂದೆ ಬರುತ್ತಾನೆ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ, ಅದೃಷ್ಟ ಇದ್ದರೆ ಗಲ್ಲಾಪೆಟ್ಟಿಗೆ. ಮಲಗುವುದು ಅದೇ ಹೋಟೆಲಿನಲ್ಲಿ, ಟೇಬಲ್ ಜೋಡಿಸಿಕೊಂಡು. 1942ರಲ್ಲಿ ರಾಮ ನಾಯಕರು ಮಾಟುಂಗಾ ಸ್ಟೇಷನ್ ಪಕ್ಕ ಶುರು ಮಾಡಿದ ಉಡುಪಿ ಬೋರ್ಡಿಂಗ್‌ನಲ್ಲಿ ಇವತ್ತಿಗೂ ಬಾಳೆಎಲೆ ಊಟಕ್ಕೆ ಜನ ಸಾಲು ನಿಲ್ಲುತ್ತಾರೆ. ಆದರೆ ನನಗೆ ಹೋಟೆಲಿಗಿಂತ ದೊಡ್ಡದಾಗಿ ಕಾಣುವುದು ಕನ್ನಡದ ರಾತ್ರಿ ಶಾಲೆಗಳು. ಹಗಲು ಕ್ಯಾಂಟೀನಿನಲ್ಲಿ ದುಡಿದ ಹುಡುಗರು ಸಂಜೆ ಪುಸ್ತಕ ಹಿಡಿದು ಅಲ್ಲಿ ಕೂರುತ್ತಿದ್ದರು. ಬ್ಯಾಂಕಿಗೆ, ಕಚೇರಿಗೆ, ವಕೀಲಿಗೆ ಹೋದ ಎಷ್ಟೋ ತುಳುವರು ಆ ಬೆಂಚಿನಿಂದ ಎದ್ದವರು. ಊರ ನಂಟು ಕೆಲಸ ಕೊಡಿಸಿತು ನಿಜ, ಲೋಟ ತೊಳೆಯುವ ಕೆಲಸದಿಂದ ಆಚೆಗೆ ದಾಟಿಸಿದ್ದು ಈ ಶಾಲೆ.

ಇಷ್ಟು ಜನ ಇಷ್ಟು ಗುಂಪಾಗಿ ಇದ್ದ ಊರು ಯಾರದ್ದು ಅನ್ನುವ ಜಗಳ ಸ್ವಾತಂತ್ರ್ಯ ಬಂದ ಮೇಲೆ ಜೋರಾಯಿತು. ದೇಶ ವಿಭಜನೆಯಾಗಿ ಸಿಂಧಿಗಳು ಬಂದರು, ಕಲ್ಯಾಣದ ಹತ್ತಿರದ ಸೈನ್ಯದ ಕ್ಯಾಂಪು ಉಲ್ಹಾಸನಗರ ಆಯಿತು. ಭಾಷಾವಾರು ಪ್ರಾಂತ್ಯದ ಮಾತು ಬಂದಾಗ ಮುಂಬೈಯಲ್ಲಿ ಮರಾಠಿ ಮಾತಾಡುವವರು ಅರ್ಧಕ್ಕಿಂತ ಕಡಿಮೆ ಇದ್ದರು, ಬಂಡವಾಳ ಹೆಚ್ಚಾಗಿ ಗುಜರಾತಿಗಳ ಕೈಯಲ್ಲಿತ್ತು. ಮುಂಬೈ ಸೇರಿಸಿ ಮರಾಠಿ ರಾಜ್ಯ ಬೇಕೆಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕಿಂತ ಹೆಚ್ಚು ಜನ ಸತ್ತ ಮೇಲೆ, 1960ರ ಮೇ 1ರಂದು ಮುಂಬೈ ಮಹಾರಾಷ್ಟ್ರದ ರಾಜಧಾನಿಯಾಯಿತು. ರಾಜ್ಯ ಸಿಕ್ಕಿತು, ಗುಮಾಸ್ತನ ಕೆಲಸ ಮಾತ್ರ ಟೈಪಿಂಗ್ ಕಲಿತು ಬಂದ ದಕ್ಷಿಣದವರಿಗೆ ಹೋಗುತ್ತಿದೆ ಅನ್ನುವ ಸಿಟ್ಟು ಉಳಿಯಿತು. 1966ರಲ್ಲಿ ಹುಟ್ಟಿದ ಶಿವಸೇನೆ ಆ ಸಿಟ್ಟನ್ನೇ ಹಿಡಿದುಕೊಂಡಿತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಬೆಳಗಾವಿ ಗಡಿ ವಿವಾದದ ಹೆಸರಲ್ಲಿ 1969ರ ಫೆಬ್ರವರಿಯಲ್ಲಿ ಆದ ಗಲಭೆ ಅಲ್ಲಿನ ಕನ್ನಡಿಗರ ಹಳೆಯ ತಲೆಮಾರಿಗೆ ಇನ್ನೂ ಮರೆತಿಲ್ಲ.

ಆದರೆ ಮುಂಬೈಯ ಜನರ ನಕ್ಷೆಯನ್ನು ನಿಜವಾಗಿ ಅಳಿಸಿ ಬರೆದದ್ದು ಇದಲ್ಲ, 1982. ಆ ವರ್ಷದ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಆ ಮುಷ್ಕರ ಗೆದ್ದಿತು ಅಂತಲೂ ಇಲ್ಲ, ವಾಪಸ್ ತೆಗೆದುಕೊಂಡರು ಅಂತಲೂ ಇಲ್ಲ. ಗಿರಣಿಗಳು ಒಂದೊಂದಾಗಿ ನಿಂತವು. 1991ರ ನಿಯಮ ಬದಲಾವಣೆ ಗಿರಣಿ ಜಾಗ ಮಾರಲು ದಾರಿ ಮಾಡಿತು, ಹೊಗೆಕೊಳವೆ ಇದ್ದಲ್ಲಿ ಮಾಲ್ ಬಂತು. ಕೆಲಸ ಹೋದ ಮೇಲೆ ಮುಕದಮ ಎಲ್ಲಿ, ಖಾನಾವಳಿ ಎಲ್ಲಿ? 1992-93ರ ಗಲಭೆಗಳು ಇನ್ನೊಂದು ಹೊಡೆತ. ಅಲ್ಲಿತನಕ ಮಿಶ್ರವಾಗಿದ್ದ ಬೀದಿಗಳಿಂದ ಮುಸ್ಲಿಮರು ಠಾಣೆ ಹತ್ತಿರದ ಮುಂಬ್ರಾದಂಥ ಕಡೆಗೆ ಸರಿದರು.

ಅಂಕಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹಳೆಯ ದ್ವೀಪನಗರ, ಅಂದರೆ ಕೊಲಾಬಾದಿಂದ ಮಾಹಿಮ್-ಸಾಯನ್ ತನಕದ ಭಾಗ, 1981ರಲ್ಲಿ 32.85 ಲಕ್ಷ ಜನರನ್ನು ಹೊಂದಿತ್ತು. 2011ಕ್ಕೆ ಅದು 30.85 ಲಕ್ಷ. ಉಪನಗರ ಜಿಲ್ಲೆ ಮಾತ್ರ 93.57 ಲಕ್ಷಕ್ಕೆ ಬೆಳೆದಿತ್ತು. ಪಕ್ಕದ ಠಾಣೆ ಜಿಲ್ಲೆ ಆಗ 1.1 ಕೋಟಿ ದಾಟಿ, ಜನಸಂಖ್ಯೆಯಲ್ಲಿ ದೇಶಕ್ಕೇ ಮೊದಲ ಜಿಲ್ಲೆ. "ಮುಂಬೈ ತುಂಬಿ ತುಳುಕುತ್ತಿದೆ" ಅನ್ನುತ್ತೇವಲ್ಲ, ತುಂಬುತ್ತಿರುವುದು ಡೊಂಬಿವಿಲಿ, ವಸಾಯಿ, ವಿರಾರ್, ನವಿ ಮುಂಬೈ. ಗಿರಣ್‌ಗಾಂವ್‌ನ ಖೋಲಿ ಮಾರಿದ ಮರಾಠಿ ಕುಟುಂಬವೂ ಅಲ್ಲೇ ಹೋಯಿತು.

ಭಾಷೆಯ ಲೆಕ್ಕ ಓದುವಾಗ ಇದನ್ನು ಮರೆಯಬಾರದು. 2001ರಿಂದ 2011ಕ್ಕೆ ಬೃಹನ್ಮುಂಬೈಯಲ್ಲಿ ಮರಾಠಿ ತಾಯ್ನುಡಿಯವರು ಸುಮಾರು 45 ಲಕ್ಷದಿಂದ 44 ಲಕ್ಷಕ್ಕೆ ಇಳಿದರು, ಹಿಂದಿಯವರು 26 ಲಕ್ಷದಿಂದ 36 ಲಕ್ಷಕ್ಕೆ ಏರಿದರು. ಟಿವಿಯಲ್ಲಿ ಇದನ್ನು ದಾಳಿ ಅಂತ ತೋರಿಸಿದರೆ ಸುಲಭ. ಮರಾಠಿಯವರು ಮನೆ ಸಿಗುವ ಕಡೆಗೆ, ಠಾಣೆ-ರಾಯಗಡದ ಕಡೆಗೆ ಹೊರಟುಹೋದದ್ದು ಇದರ ಅರ್ಧ ಕಾರಣ. ಟ್ಯಾಕ್ಸಿ, ಆಟೊ, ಕಟ್ಟಡ ಕೆಲಸ, ಕಸೂತಿ ಇವನ್ನು ಹಿಡಿದು ಉತ್ತರ ಪ್ರದೇಶ, ಬಿಹಾರದ ಹುಡುಗರು ಹಿಂದಿನವರು ಬಂದ ದಾರಿಯಲ್ಲೇ ಬಂದದ್ದು ಉಳಿದರ್ಧ. ಅವರಿಗೂ ಒಬ್ಬ ಠೇಕೇದಾರ ಇದ್ದಾನೆ, ಒಂದು ಖೋಲಿ ಇದೆ, ಹತ್ತು ಜನ ಊರಿನವರು ಇದ್ದಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೋಗುವ ಕನ್ನಡದ ಕುಟುಂಬಗಳೂ ಇವೆ. ಆದರೆ ಮುಂಬೈ ಕನ್ನಡಿಗರು ಅಂದಾಗ ನಾವು ಹೋಟೆಲ್ ಮಾಲೀಕರನ್ನಷ್ಟೇ ನೆನೆಯುತ್ತೇವೆ, ಅಲ್ವಾ?

ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ಕರ್ನಾಟಕದ ಆಚೆಯ ಕಾರ್ಪೊರೇಷನ್ ಕನ್ನಡ ಮಾಧ್ಯಮ ನಡೆಸುವುದು ಅಪರೂಪ. ಆ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮರಾಠಿ ತರಗತಿಗಳಲ್ಲೂ ಕಡಿಮೆಯಾಗುತ್ತಿದ್ದಾರೆ, ಗುಜರಾತಿಯಲ್ಲೂ ಅಷ್ಟೇ. ಎಲ್ಲ ಸೀಮೆಯ ಅಪ್ಪ-ಅಮ್ಮಂದಿರೂ ಇಂಗ್ಲಿಷ್ ಶಾಲೆಯ ಕಡೆಗೆ ಹೊರಟಿದ್ದಾರೆ. 2011ರ ನಂತರ ತಲೆಎಣಿಕೆ ಆಗಿಲ್ಲ, ಮುಂದಿನದು 2027ಕ್ಕೆ. ಆಗ ಗಣತಿದಾರರು ಬಾಗಿಲಿಗೆ ಬಂದು ತಾಯ್ನುಡಿ ಕೇಳಿದಾಗ, ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಡೊಂಬಿವಿಲಿಯ ಮಗುವಿನ ಮುಂದೆ ಒಂದೇ ಒಂದು ಭಾಷೆಯ ಹೆಸರು ಬರೆದುಕೊಳ್ಳುತ್ತಾರೆ.