ಒಳಗಿನವರ ಒಪ್ಪಿಗೆ: ಭಾಗಚಿಕಿತ್ಸೆಯ ಜೊತೆ ಇಎಂಡಿಆರ್

‘ಒಂದು ಮನಸ್ಸು ಹೋಗು ಅನ್ನುತ್ತದೆ, ಇನ್ನೊಂದು ಮನಸ್ಸು ಬೇಡ ಅನ್ನುತ್ತದೆ’ ಎಂದು ಒಮ್ಮೆಯಾದರೂ ಹೇಳದ ಕನ್ನಡಿಗರು ಸಿಗಲಾರರು. ಮನೋಚಿಕಿತ್ಸಕರು ‘ಪಾರ್ಟ್’ ಎನ್ನುವುದು ಹೆಚ್ಚುಕಡಿಮೆ ಈ ‘ಒಂದು ಮನಸ್ಸ’ನ್ನೇ. ‘ಭಾಗ’ ಎಂದರೆ ಯಂತ್ರದ ಬಿಡಿಭಾಗ ನೆನಪಾಗುತ್ತದೆ. ಆದರೂ ಬೇರೆ ಪದ ಗಟ್ಟಿಯಾಗಿ ನಿಂತಿಲ್ಲವಾದ್ದರಿಂದ ಅದನ್ನೇ ಬಳಸುತ್ತೇನೆ, ಮನಸ್ಸು ಬಂದಾಗ ‘ಒಳಗಿನವರು’ ಎನ್ನುತ್ತೇನೆ. ಈ ಒಳಗಿನವರೊಡನೆ ಮಾತಾಡಿ ನಡೆಸುವ ಚಿಕಿತ್ಸೆಯೇ ಭಾಗಚಿಕಿತ್ಸೆ. ಆಘಾತದ ನೆನಪುಗಳಿಗೆ ಕೊಡುವ ಇಎಂಡಿಆರ್ ಎಂಬ ಇನ್ನೊಂದು ಚಿಕಿತ್ಸೆಯ ಜೊತೆ ಅದನ್ನು ಸೇರಿಸುವ ಬಗ್ಗೆ ಈ ಬರಹ.

ಎರಡು ಮನಸ್ಸಿರುವುದು ರೋಗವಲ್ಲ. ಆ ಎರಡು ಮನಸ್ಸುಗಳ ನಡುವೆ ಮಾತುಕತೆಯೇ ನಿಂತುಹೋಗಿ, ಒಂದರ ನೆನಪು, ಭಯ, ಮೈಯ ನೋವು ಇನ್ನೊಂದಕ್ಕೆ ತಿಳಿಯದೆ ಹೋದರೆ ಅದನ್ನು ಡಿಸೋಸಿಯೇಷನ್ ಎನ್ನುತ್ತಾರೆ. ಕನ್ನಡದಲ್ಲಿ ವಿಘಟನೆ, ವಿಯೋಜನೆ ಎಂದು ಬರೆಯುವುದುಂಟು. ನನಗೆ ಹೊಳೆಯುವುದು ಕೂಡುಕುಟುಂಬದ ಚಿತ್ರ: ಸೂರು ಒಂದೇ, ಒಲೆಗಳು ಬೇರೆ, ನಡುವಿನ ಬಾಗಿಲಿಗೆ ಅಗುಳಿ. ಬಾಲ್ಯದಲ್ಲಿ ಮತ್ತೆ ಮತ್ತೆ ಹಿಂಸೆ ಕಂಡ ಮಗುವಿಗೆ ಆ ಅಗುಳಿಯೇ ಆಸರೆ. ರಾತ್ರಿ ನಡೆದದ್ದನ್ನು ಒಂದು ಕೋಣೆಯಲ್ಲಿ ಮುಚ್ಚಿಟ್ಟರೆ ಮಾತ್ರ ಬೆಳಿಗ್ಗೆ ಶಾಲೆಗೆ ಹೋಗಲು ಸಾಧ್ಯ.

ಈ ಒಡೆತವನ್ನು ಫ್ರಾನ್ಸಿನ ಪಿಯೇರ್ ಜಾನೆ 1889ರಲ್ಲೇ ವಿವರಿಸಿದ್ದರು. ಮೊದಲ ಮಹಾಯುದ್ಧದ ಸೈನಿಕರಿಗೆ ಚಿಕಿತ್ಸೆ ನೀಡಿದ ಇಂಗ್ಲೆಂಡಿನ ಚಾರ್ಲ್ಸ್ ಮೈಯರ್ಸ್, ಹೊರನೋಟಕ್ಕೆ ಸಹಜವಾಗಿ ಓಡಾಡುವ ವ್ಯಕ್ತಿತ್ವವೊಂದು, ಇನ್ನೂ ಕಂದಕದಲ್ಲೇ ನಡುಗುತ್ತಿರುವ ವ್ಯಕ್ತಿತ್ವವೊಂದು ಒಬ್ಬನಲ್ಲೇ ಇರುವುದನ್ನು ಗುರುತಿಸಿದರು. ಆ ಎರಡು ವ್ಯಕ್ತಿತ್ವಗಳಿಗೆ ಅವರಿಟ್ಟ ಹೆಸರುಗಳನ್ನೇ ಎತ್ತಿಕೊಂಡು ಮನೋಚಿಕಿತ್ಸಕರಾದ ಓನೋ ವಾನ್ ಡರ್ ಹಾರ್ಟ್, ಎಲರ್ಟ್ ನೈಯೆನ್‌ಹೌಸ್, ಕ್ಯಾಥಿ ಸ್ಟೀಲ್ ಅವರು 2006ರಲ್ಲಿ ಒಂದು ಪೂರ್ಣ ಸಿದ್ಧಾಂತವನ್ನು ಮುಂದಿಟ್ಟರು.

ಇನ್ನೊಂದು ಪದ ಇಎಂಡಿಆರ್. ಬಿಡಿಸಿದರೆ ‘ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಆ್ಯಂಡ್ ರೀಪ್ರೊಸೆಸಿಂಗ್’. ಅಮೆರಿಕದ ಫ್ರಾನ್ಸಿನ್ ಶಪಿರೊ 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಚಲಿಸಿದಂತೆಲ್ಲ ಕಾಡುತ್ತಿದ್ದ ಯೋಚನೆಗಳ ಮೊನೆ ಮೊಂಡಾಗುತ್ತಿರುವುದನ್ನು ಗಮನಿಸಿದರಂತೆ. ಮೊದಲ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಈಗ ಅದು ಎಂಟು ಹಂತಗಳ ಚಿಕಿತ್ಸೆ. ಆಘಾತದ ಅತಿ ಕೆಟ್ಟ ಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡು, ಚಿಕಿತ್ಸಕರ ಬೆರಳು ಎಡಬಲಕ್ಕೆ ಆಡಿದಂತೆ ಕಣ್ಣು ಆಡಿಸಬೇಕು. ಸುಮಾರು ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ‘ಈಗ ಏನು ಬರುತ್ತಿದೆ?’ ಎಂದು ಕೇಳುತ್ತಾರೆ. ಕಳವಳ ಎಷ್ಟಿದೆ ಎಂಬುದಕ್ಕೆ 0ಯಿಂದ 10ರವರೆಗಿನ ಅಳತೆ ಇದೆ, 0 ಮುಟ್ಟುವುದು ಗುರಿ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಇದನ್ನು ಶಿಫಾರಸು ಮಾಡಿದೆ. ಹೇಗೆ ಕೆಲಸ ಮಾಡುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಕಣ್ಣಾಡಿಸುವ ಕೆಲಸ ಮತ್ತು ನೆನಪು ಎರಡೂ ಮನಸ್ಸಿನಲ್ಲಿರುವ ಒಂದೇ ಪುಟ್ಟ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ನೆನಪಿನ ಬಣ್ಣ ಮಾಸುತ್ತದೆ ಎಂಬ ವಿವರಣೆ ನನಗೆ ಹೆಚ್ಚು ನಂಬಿಕೆಯದಾಗಿ ಕಾಣುತ್ತದೆ.

ಈ ಚಿಕಿತ್ಸೆಗೆ ಎರಡು ಷರತ್ತುಗಳಿವೆ. ಒಂದು ಕಾಲು ಹಿಂದಿನ ಘಟನೆಯಲ್ಲಿದ್ದರೂ ಇನ್ನೊಂದು ಕಾಲು ಇಂದಿನ ಕೋಣೆಯಲ್ಲಿ ಊರಿರಬೇಕು. ಮತ್ತು ಕುರ್ಚಿಯಲ್ಲಿ ಕುಳಿತವರು ಒಬ್ಬರೇ ಆಗಿರಬೇಕು. ಒಳಗೆ ಅಗುಳಿ ಹಾಕಿಕೊಂಡವರಲ್ಲಿ ಇವೆರಡೂ ಕೈಕೊಡುತ್ತವೆ. ಕಣ್ಣಿನ ಚಲನೆ ನೆನಪಿನಿಂದ ನೆನಪಿಗೆ ಬೇಗಬೇಗ ಕೊಂಡಿ ಹಾಕುತ್ತದೆ. ವರ್ಷಗಳಿಂದ ಮುಚ್ಚಿದ್ದ ಬಾಗಿಲು ಒಮ್ಮೆಲೇ ತೆರೆದರೆ ಬರುವುದು ಪ್ರವಾಹ. ಆ ವ್ಯಕ್ತಿ ಅಂದು ರಾತ್ರಿ ತನ್ನನ್ನು ತಾನೇ ಗಾಯಗೊಳಿಸಿಕೊಳ್ಳಬಹುದು, ಮನೆಗೆ ಹೇಗೆ ತಲುಪಿದೆನೆಂಬುದೇ ನೆನಪಿಲ್ಲದಿರಬಹುದು.

ಇನ್ನೊಂದು ಸೋಲು ಸದ್ದಿಲ್ಲದ್ದು, ಆದ್ದರಿಂದ ಹೆಚ್ಚು ಮೋಸದ್ದು. ‘ಈಗ ಕಳವಳ ಎಷ್ಟು?’ ಎಂದರೆ ‘ಸೊನ್ನೆ’ ಎಂಬ ಉತ್ತರ ಬರುತ್ತದೆ. ಚಿಕಿತ್ಸಕರಿಗೆ ಸಂತೋಷ. ಉತ್ತರ ಕೊಟ್ಟಿದ್ದು ಏನೂ ಅನ್ನಿಸದಂತೆ ಮರಗಟ್ಟಿರುವ ಮನಸ್ಸು; ಹತ್ತಕ್ಕೆ ಹತ್ತು ಅನುಭವಿಸುತ್ತಿರುವವಳನ್ನು ಯಾರೂ ಕೇಳಿಯೇ ಇಲ್ಲ. ಹೀಗಾಗಿಯೇ ಅನುಭವಿಗಳು ‘ಒಳಗೆ ಎಲ್ಲರಿಗೂ ಸೊನ್ನೆಯೇ?’ ಎಂದು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ.

ಭಾಗಚಿಕಿತ್ಸೆ ಇಎಂಡಿಆರ್‌ನ ಜೊತೆ ಸೇರುವುದು ಇಲ್ಲಿ. ಭಾಗಚಿಕಿತ್ಸೆ ಎಂದರೆ ಒಂದೇ ಪಂಥವಲ್ಲ. ಜಾನ್ ಮತ್ತು ಹೆಲೆನ್ ವಾಟ್ಕಿನ್ಸ್ ದಂಪತಿ ಬೆಳೆಸಿದ ‘ಈಗೊ ಸ್ಟೇಟ್’ ಪದ್ಧತಿ ಒಂದು. ಕುಟುಂಬ ಚಿಕಿತ್ಸಕರಾಗಿದ್ದ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಕಟ್ಟಿದ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’, ಅಂದರೆ ಐಎಫ್‌ಎಸ್, ಇನ್ನೊಂದು. ಮನೆಮಂದಿಯ ಜಗಳ ಬಿಡಿಸುವ ರೀತಿಯನ್ನು ಅವರು ಮನಸ್ಸಿನೊಳಗೇ ತಂದರು. ಅವರ ಲೆಕ್ಕದಲ್ಲಿ ನೋವು ಹೊತ್ತು ಮೂಲೆ ಸೇರಿದ ಭಾಗಗಳಿವೆ, ಆ ನೋವು ಹೊರಬಾರದಂತೆ ಮೊದಲೇ ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುವ ಯಜಮಾನಿಕೆಯ ಭಾಗಗಳಿವೆ, ಹೊರಬಂದೇಬಿಟ್ಟರೆ ಕುಡಿದೋ ಕೈ ಕೊಯ್ದುಕೊಂಡೋ ಬೆಂಕಿ ಆರಿಸುವ ಭಾಗಗಳಿವೆ. ಇವೆಲ್ಲವುಗಳಾಚೆ ಶಾಂತವಾದ ‘ಸೆಲ್ಫ್’ ಒಂದಿದೆ. ಎಲ್ಲರಲ್ಲೂ ಭಾಗಗಳಿರುವುದು ಸಹಜ ಎಂಬುದು ಐಎಫ್‌ಎಸ್ ಮಾತು. ವಾನ್ ಡರ್ ಹಾರ್ಟ್ ಬಳಗ ಇದನ್ನು ಒಪ್ಪುವುದಿಲ್ಲ, ಅವರ ಪ್ರಕಾರ ಆಘಾತ ಒಡೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು. ‘ಭಾಗ’ ಎಂದು ಓದಿದಾಗ ಯಾರ ಭಾಗ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎರಡೂ ಚಿಕಿತ್ಸೆ ಸೇರಿದಾಗ ಬದಲಾಗುವುದು ಮುಖ್ಯವಾಗಿ ಎರಡನೆಯ ಹಂತ, ಸಿದ್ಧತೆಯದು. ಬೇರೆಯವರಿಗೆ ಒಂದೆರಡು ಭೇಟಿಯಲ್ಲಿ ಮುಗಿಯುವ ಅದು ಇಲ್ಲಿ ತಿಂಗಳುಗಟ್ಟಲೆ ನಡೆಯಬಹುದು. ನಾನೇ ಕಲ್ಪಿಸಿದ ಪ್ರಸಂಗವೊಂದನ್ನು ನೋಡಿ. ನಲವತ್ತು ದಾಟಿದ ಶಿಕ್ಷಕಿ ಚಿಕಿತ್ಸಕಿಯ ಎದುರು ಕುಳಿತಿದ್ದಾರೆ.

‘ಈ ನೆನಪಿನ ಕಡೆ ಹೋಗುವುದಕ್ಕೆ ಒಳಗೆ ಯಾರಿಗಾದರೂ ಇಷ್ಟವಿಲ್ಲವೇ, ಟೀಚರ್?’

ಅವರ ದವಡೆ ಬಿಗಿಯುತ್ತದೆ. ‘ಬೇಡ ಅನ್ನುವವಳು ಒಬ್ಬಳಿದ್ದಾಳೆ. ಅವಳಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲವಂತೆ.’

‘ಇಲ್ಲದಿರುವುದೇ ಸರಿ, ಅವರು ನನ್ನನ್ನು ಈಗಷ್ಟೇ ನೋಡುತ್ತಿದ್ದಾರೆ. ಹೇಳಿದರೆ ಏನಾಗುತ್ತದೆ ಎಂಬ ಭಯ ಅವರಿಗೆ, ಕೇಳಿ ನೋಡುತ್ತೀರಾ?’

‘ಅಪ್ಪನಿಗೆ ಗೊತ್ತಾಗಿಬಿಡುತ್ತದಂತೆ.’

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಶಿಕ್ಷಕಿಗೆ ಅದು ಗೊತ್ತು, ತಿಥಿಯನ್ನೂ ತಪ್ಪಿಸಿದವರಲ್ಲ. ಒಳಗಿನ ಆ ಹುಡುಗಿಗೆ ಸುದ್ದಿ ತಲುಪಿಲ್ಲ, ಅವಳ ಮನೆಯಲ್ಲಿ ಅಪ್ಪ ಇನ್ನೂ ಪಡಸಾಲೆಯಲ್ಲಿ ಕುಳಿತಿದ್ದಾನೆ. ಹಾಗಾಗಿ ಮೊದಲ ಕೆಲಸ ಕಣ್ಣಾಡಿಸುವುದಲ್ಲ, ಆ ಸುದ್ದಿಯನ್ನು ಒಳಗೆ ಮುಟ್ಟಿಸುವುದು: ಇವು ಈಗಿನ ಕೈಗಳು, ನೋಡು, ಎಷ್ಟು ದೊಡ್ಡವು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಈ ವರ್ಷ ಇದೆ, ಬಾಗಿಲಿನ ಚಿಲಕ ಒಳಗಿನಿಂದಲೇ ತೆರೆಯುತ್ತದೆ. ಎಷ್ಟೋ ಸಲ ಇಷ್ಟರಿಂದಲೇ ಅರ್ಧ ಭಯ ಇಳಿಯುತ್ತದೆ.

ಚಿಕಿತ್ಸಕಿ ‘ಅವರಿಗೆ’ ಎಂದದ್ದನ್ನು ಗಮನಿಸಿ. ಇಂಗ್ಲಿಷಿನ ‘ಯೂ’ ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟುತ್ತದೆ, ಕನ್ನಡದಲ್ಲಿ ಹಾಗಿಲ್ಲ. ಏಳು ವರ್ಷದ ಭಾಗವನ್ನು ‘ನೀನು’ ಅನ್ನಬೇಕೋ, ಅದು ನೆಲೆಸಿರುವ ನಲವತ್ತರ ದೇಹಕ್ಕೆ ‘ನೀವು’ ಅನ್ನಬೇಕೋ? ಕಾವಲು ನಿಂತ ಸಿಡುಕಿನ ಭಾಗಕ್ಕೆ ಏಕವಚನ ಬಳಸಿದರೆ ಆ ದಿನದ ಮಾತು ಅಲ್ಲಿಗೇ ಮುಗಿಯಬಹುದು. ಕೇಳಿಯೇ ಬಿಡುವುದು ಉತ್ತಮ ಎಂದು ನನಗನ್ನಿಸುತ್ತದೆ.

ಕಾವಲುಗಾರ ಭಾಗ ಒಪ್ಪಿದ ಮೇಲೂ ಆತುರವಿಲ್ಲ. ಕೆನಡಾದ ಮನೋವೈದ್ಯ ಜಾರ್ಜ್ ಫ್ರೇಜರ್ 1991ರಲ್ಲಿ ವಿವರಿಸಿದ ಕಾಲ್ಪನಿಕ ಮೇಜಿನ ಸುತ್ತ ಒಳಗಿನವರನ್ನು ಕೂರಿಸಿ, ಇಂದು ಯಾರು ಈ ನೆನಪನ್ನು ನೋಡಬೇಕು, ಯಾರು ಬೇರೆ ಕೋಣೆಯಲ್ಲಿ ಮಲಗಬಹುದು ಎಂದು ತೀರ್ಮಾನಿಸುತ್ತಾರೆ. ಆಮೇಲೆ ಇಡೀ ಘಟನೆಯಲ್ಲ, ಅದರ ಒಂದು ಚೂರು: ಒಂದು ಸದ್ದು, ಒಂದು ವಾಸನೆ. ಕಣ್ಣಿನ ಚಲನೆಯೂ ಕೆಲವೇ ಸಲ. ಬೆರಳು ನೋಡುತ್ತಿದ್ದಂತೆ ಮಂಪರಿಗೆ ಜಾರುವವರಿಗೆ ಕಣ್ಣಿನ ಬದಲು ಎರಡೂ ಅಂಗೈಗಳನ್ನು ಸರದಿಯಂತೆ ತಟ್ಟುತ್ತಾರೆ. ಪ್ರತಿ ಸುತ್ತಿನ ನಂತರವೂ ಕೋಣೆಗೆ ಮರಳಿ ಬರಬೇಕು, ಕಾಲಡಿಯ ನೆಲ ತಣ್ಣಗಿದೆಯೇ ಎಂದು ಹೇಳಬೇಕು. ಇದರಲ್ಲಿ ನಾಟಕೀಯವಾದದ್ದೇನೂ ಇಲ್ಲ. ಸಿನಿಮಾಗಳು ತೋರಿಸುವ ‘ಹಲವು ವ್ಯಕ್ತಿತ್ವ’ದ ಅಬ್ಬರವನ್ನು ನೆನೆದು ಹೋದವರಿಗೆ ನಿರಾಸೆಯೇ.

ಸಂಶಯಪಡುವವರ ಮಾತನ್ನೂ ಕೇಳಬೇಕು. ಇಎಂಡಿಆರ್‌ನಲ್ಲಿ ಫಲ ಕೊಡುವುದು ನೆನಪನ್ನು ಎದುರಿಸುವುದೇ ಹೊರತು ಕಣ್ಣಾಟವಲ್ಲ ಎಂಬ ಟೀಕೆ ಹಳೆಯದು. ಭಾಗಗಳ ಬಗ್ಗೆ ಇರುವ ಟೀಕೆ ಇನ್ನೂ ಗಂಭೀರ: ‘ಒಳಗೆ ಯಾರಿದ್ದಾರೆ?’ ಎಂದು ಪದೇಪದೇ ಕೇಳಿದರೆ ಇಲ್ಲದವರೂ ಹುಟ್ಟಿಕೊಳ್ಳಬಹುದು, ನಡೆಯದ್ದೂ ನೆನಪಾಗಬಹುದು. ಈ ಅಪಾಯ ನಿಜ. ಎರಡು ಪದ್ಧತಿಗಳ ಈ ಕೂಡಿಕೆಗೆ ಆಧಾರವಾಗಿರುವುದು ಬಹುಪಾಲು ಚಿಕಿತ್ಸಕರ ಅನುಭವವೇ ಹೊರತು ದೊಡ್ಡ ಪ್ರಯೋಗಗಳಲ್ಲ ಎಂಬುದೂ ನಿಜ. ಭಾಗ ಎನ್ನುವುದು ಮಾತಿನ ಒಂದು ರೀತಿ, ದೇಹದಲ್ಲಿ ಬಾಡಿಗೆಗಿರುವ ಮನುಷ್ಯನಲ್ಲ ಎಂಬ ಎಚ್ಚರವಿರುವವರ ಬಳಿ ಹೋಗುವುದು ಕ್ಷೇಮ. ಇಎಂಡಿಆರ್ ಶುರುಮಾಡುವ ಮೊದಲು ಡಿಸೋಸಿಯೇಷನ್ ಇದೆಯೇ ಎಂದು ತಪಾಸಣೆ ಮಾಡಬೇಕೆಂದು ಶಪಿರೊ ಅವರೇ ಎಚ್ಚರಿಸಿದ್ದರು. 1986ರಲ್ಲಿ ಪ್ರಕಟವಾದ, 28 ಪ್ರಶ್ನೆಗಳ ಪಟ್ಟಿಯೊಂದು ಅದಕ್ಕಾಗಿ ಇಂದಿಗೂ ಬಳಕೆಯಲ್ಲಿದೆ.

ನಮ್ಮ ಕಡೆ ಓದುವವರಿಗೆ ಒಂದು ಪ್ರಶ್ನೆ ಏಳುತ್ತದೆ: ಮೈಮೇಲೆ ಬರುವುದು? ಆಚರಣೆಯ ಚೌಕಟ್ಟಿನಲ್ಲಿ, ಊರು ಒಪ್ಪಿದ ರೀತಿಯಲ್ಲಿ ದೈವ ಬರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣವೂ ಕಾಯಿಲೆ ಎಂದು ಎಣಿಸುವುದಿಲ್ಲ. ಬೇಡವೆಂದರೂ ಬಂದು, ಬದುಕನ್ನೇ ಹಾಳುಮಾಡುವುದು ಮಾತ್ರ ಆ ಲೆಕ್ಕಕ್ಕೆ ಸೇರುತ್ತದೆ.

ಭೇಟಿ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆಯೊಂದಿದೆ, ಅದಕ್ಕಾಗಿ ಕೊನೆಯ ಹತ್ತು ಹದಿನೈದು ನಿಮಿಷ ಕಾದಿರಿಸುವವರಿದ್ದಾರೆ. ನಮ್ಮ ಶಿಕ್ಷಕಿ ಚಪ್ಪಲಿ ಮೆಟ್ಟಿ, ಬ್ಯಾಗಿನಲ್ಲಿ ಸ್ಕೂಟರಿನ ಕೀ ಹುಡುಕುತ್ತಿದ್ದಾರೆ. ಚಿಕಿತ್ಸಕಿ ಬಾಗಿಲ ಬಳಿ ನಿಂತು ಕೇಳುತ್ತಾರೆ: ‘ಈಗ ಗಾಡಿ ಓಡಿಸುವವರು ಯಾರು, ಟೀಚರ್?’ ಉತ್ತರ ತಡವಾದರೆ ಇಬ್ಬರೂ ಮತ್ತೆ ಒಳಗೆ ಬಂದು ಕೂರುತ್ತಾರೆ.