ಮೂಲ ರಚನೆ ಎಂದರೆ 1950ರ ಪ್ರತಿ ಅಲ್ಲ

ಸಂವಿಧಾನದ ಚರ್ಚೆ ಎಲ್ಲೇ ನಡೆಯಲಿ, "ಸಂವಿಧಾನದ ಮೂಲ ರಚನೆ ಮುಟ್ಟಬಾರದು ಅಂದರೆ ಮೊದಲು ಬರೆದದ್ದು ಹಾಗೇ ಇರಬೇಕು ಅಂತ, ಸುಪ್ರೀಂ ಕೋರ್ಟೇ ಹೇಳಿದೆ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಕೋರ್ಟ್ ಹಾಗೆ ಹೇಳಿಲ್ಲ.

ಎಡವಟ್ಟು ಇರುವುದು ಪದಗಳಲ್ಲೇ. ಮೂಲ ಅಂದರೆ ಮೊದಲಿನದು, ಬುಡ ಅಂತಲೂ ಹೌದು. ಮೂಲ ಪ್ರತಿ ಎಂದಾಗ ಮೊದಲನೇ ಅರ್ಥ, ಮೂಲಸೌಕರ್ಯ ಎಂದಾಗ ಎರಡನೇದು. ರಚನೆಯೂ ಅಷ್ಟೇ: ದಾಸರು ಬರೆದ ಪದವೂ ರಚನೆ, ಒಂದು ವಸ್ತುವಿನ ಕಟ್ಟೂ ರಚನೆ. ಇಲ್ಲಿ ಬೇಕಾದದ್ದು ಬುಡ ಮತ್ತು ಕಟ್ಟು. ಜನ ಜೋಡಿಸಿಕೊಳ್ಳುವುದು ಮೊದಲಿನದು ಮತ್ತು ಬರೆದದ್ದು.

1950ರ ಪ್ರತಿಯೇ ಮೂಲ ರಚನೆಯಾಗಿದ್ದರೆ ಆಸ್ತಿಯ ಹಕ್ಕು ಇವತ್ತೂ ಮೂಲಭೂತ ಹಕ್ಕಾಗಿ ಉಳಿಯಬೇಕಿತ್ತು, ಅಲ್ವಾ? 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಇನ್ನು 'ಜಾತ್ಯತೀತ' ಎಂಬ ಪದ ಪ್ರಸ್ತಾವನೆಗೆ ಸೇರಿದ್ದೇ 1976ರಲ್ಲಿ. ಆದರೂ ಜಾತ್ಯತೀತತೆ ಮೂಲ ರಚನೆಯ ಭಾಗ ಎಂದು 1994ರಲ್ಲಿ ಎಸ್. ಆರ್. ಬೊಮ್ಮಾಯಿ ಪ್ರಕರಣದಲ್ಲಿ ಕೋರ್ಟ್ ಹೇಳಿತು.

ಮೂಲ ರಚನೆ ಎಂಬ ಮಾತು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ. ಅದು ಜಗಳದಲ್ಲಿ ಹುಟ್ಟಿದ್ದು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ ಎಂದು 1967ರಲ್ಲಿ ಗೋಲಕನಾಥ್ ತೀರ್ಪು ಬಂತು, 1971ರ 24ನೇ ತಿದ್ದುಪಡಿಯಿಂದ ಸಂಸತ್ತು ಆ ಅಧಿಕಾರವನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋಗಿದ್ದರು. ಸಂವಿಧಾನವನ್ನು ಸಂಸತ್ತು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯೂ ಅದೇ ಕೇಸಿನಲ್ಲಿ ಎದ್ದಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಮೂಲಭೂತ ಹಕ್ಕುಗಳನ್ನೂ. ಆದರೆ ಬುಡದ ಕಟ್ಟನ್ನು ಕೆಡವುವಂತಿಲ್ಲ. ಈ ಮೊದಲ ಅರ್ಧವನ್ನು ಯಾರೂ ಹೇಳುವುದೇ ಇಲ್ಲ! ಗೋಲಕನಾಥ್ ತೀರ್ಪು ರದ್ದಾಯಿತು, ಭೂಸುಧಾರಣೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯೂ ಉಳಿಯಿತು.

ಆ ಕಟ್ಟಿನಲ್ಲಿ ಏನೇನಿದೆ ಎಂಬುದಕ್ಕೆ ಮುಗಿದ ಪಟ್ಟಿ ಇಲ್ಲ. ಕೇಸಿನಿಂದ ಕೇಸಿಗೆ ಬೆಳೆಯುತ್ತಾ ಬಂದಿದೆ. ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 1976ರ 42ನೇ ತಿದ್ದುಪಡಿ ಬರೆದುಕೊಂಡಿತ್ತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಕೇಸಿನಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಮಿತಿಯೊಳಗೆ ತಿದ್ದುವುದು ಕೂಡ ಮೂಲ ರಚನೆಯ ಭಾಗವೇ ಎಂಬುದು ಅದಕ್ಕೆ ಕೊಟ್ಟ ಕಾರಣ.